ಪ್ರಾಬ್ಲಂ ಸೆಟ್ ಬಿಡಿಸುವಾಗ: ಶನಿವಾರದ ಮೇಜಿನಿಂದ

ಸೆಪ್ಟೆಂಬರಿನಲ್ಲಿ ಸಂಘದ ಮೊದಲ ಭೇಟಿಗೆ ಬರುವ ಹೊಸಬರ ಪ್ರಶ್ನೆಗಳು ಪ್ರತಿ ವರ್ಷ ಒಂದೇ ಥರ. ಸೋನಾ ಮಸೂರಿ ಅಕ್ಕಿ ಎಲ್ಲಿ ಸಿಗತ್ತೆ, ಯಾವ ಸಿಮ್ ಒಳ್ಳೇದು, ಗಣಪತಿ ಎಲ್ಲಿ ಕೂರಿಸ್ತೀರಿ. ಅಕ್ಟೋಬರ್ ಬರುವಷ್ಟರಲ್ಲಿ ಅಕ್ಕಿ ಸಿಕ್ಕಿರತ್ತೆ, ಪ್ರಶ್ನೆ ಬದಲಾಗಿರತ್ತೆ: ‘ಈ ವಾರದ ಹೋಮ್‌ವರ್ಕ್ ಮಾಡಿದ್ರಾ? ಮೂರನೇದು ಹೇಗೆ ಮಾಡೋದು?’ ಕಳೆದ ವರ್ಷದಿಂದ ನಾವು ನಾಲ್ಕೈದು ಜನ ಸೀನಿಯರ್‌ಗಳು ಶನಿವಾರ ಬೆಳಿಗ್ಗೆ ಲೈಬ್ರರಿಯ ಒಂದು ಮೇಜು ಹಿಡಿದು ಕೂರುತ್ತಿದ್ದೇವೆ. ನಮ್ಮಲ್ಲಿ ಸಂಖ್ಯಾಶಾಸ್ತ್ರ, ಭೌತಶಾಸ್ತ್ರ, ಅರ್ಥಶಾಸ್ತ್ರ ಓದುವವರು ಇದ್ದೇವೆ. ಯಾರು ಬೇಕಾದರೂ ಹಾಳೆ ಹಿಡ್ಕೊಂಡು ಬರಬಹುದು. ಆ ಮೇಜಿನಲ್ಲಿ ಮತ್ತೆ ಮತ್ತೆ ಹೇಳಿದ ಮಾತುಗಳನ್ನು ಈ ಬಾರಿಯ ಪುಸ್ತಿಕೆಗೆ ಬರೆದುಕೊಡಿ ಅಂತ ಸಂಪಾದಕರು ಕೇಳಿದರು, ಬರೆದಿದ್ದೇವೆ.

ಮೊದಲು ಒಂದು ವ್ಯತ್ಯಾಸ. ಊರಿನ ಅನೇಕ ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಅಂದರೆ ಇಂಟರ್ನಲ್ಸ್‌ಗೆ ಮುಂಚಿನ ರಾತ್ರಿಯ ಕೆಲಸ. ಒಬ್ಬರು ಬರೆದದ್ದನ್ನು ಹತ್ತು ಜನ ನೋಡಿ ಬರೆಯುವುದು ಅಲ್ಲಿ ದೊಡ್ಡ ಸುದ್ದಿಯಲ್ಲ. ಅಸಲಿ ಪರೀಕ್ಷೆ ಕೊನೆಗೆ ಬರತ್ತೆ, ಅದಕ್ಕೆ ಹಳೇ ಪ್ರಶ್ನೆಪತ್ರಿಕೆ, ‘ಇಂಪಾರ್ಟೆಂಟ್’ ಪಟ್ಟಿ ಎಲ್ಲ ಇರತ್ತೆ. ಇಲ್ಲಿ ಅಮೆರಿಕದಲ್ಲಿ ಪಾಠದ ಅರ್ಧ ಭಾಗ ನಡೆಯುವುದೇ ಹೋಮ್‌ವರ್ಕಿನಲ್ಲಿ. ತರಗತಿಯಲ್ಲಿ ಹೇಳಿದ್ದನ್ನು ನೇರ ಕೇಳುವುದು ಕಡಿಮೆ. ಒಂದು ಹೆಜ್ಜೆ ಮುಂದಿನದನ್ನು ಕೇಳಿ, ನೀವಾಗಿಯೇ ಹುಡುಕಿಕೊಳ್ಳಲಿ ಅಂತ ಬಿಡ್ತಾರೆ. ಹಾಗಾಗಿ ಮೊದಲ ಹಾಳೆ ನೋಡಿದಾಗ ‘ಇದನ್ನ ಕ್ಲಾಸಲ್ಲಿ ಮಾಡೇ ಇಲ್ಲವಲ್ಲ’ ಅನ್ನಿಸುವುದು ಸಹಜ. ಅದು ನಿಮ್ಮ ದಡ್ಡತನವಲ್ಲ, ಹಾಳೆಯನ್ನು ಮಾಡಿರುವುದೇ ಹಾಗೆ.

ನಾವು ಪಾಲಿಸುವ ಕ್ರಮ ಸರಳ. ಪ್ರಶ್ನೆಯನ್ನು ಎರಡು ಸಲ ಓದಿ, ಹಾಳೆಯನ್ನು ಕವುಚಿ ಇಟ್ಟು, ಪಕ್ಕದವರಿಗೆ ಕನ್ನಡದಲ್ಲಿ ಹೇಳಬೇಕು. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ, ಅಷ್ಟೇ. ಸೂತ್ರದ ಹೆಸರು ಆಗ ಎತ್ತುವ ಹಾಗಿಲ್ಲ. ಜಾರ್ಜ್ ಪೋಲ್ಯಾ ಎಂಬ ಗಣಿತಜ್ಞ 1945ರಲ್ಲಿ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಲೆಕ್ಕ ಬಿಡಿಸುವುದಕ್ಕೆ ನಾಲ್ಕು ಹಂತ ಹೇಳುತ್ತಾನೆ: ಅರ್ಥ ಮಾಡಿಕೊ, ಯೋಜನೆ ಹಾಕು, ಅದರಂತೆ ಮಾಡು, ಮುಗಿದ ಮೇಲೆ ಹಿಂತಿರುಗಿ ನೋಡು. ನಮ್ಮ ಅನುಭವದಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ನಮ್ಮವರು ಹೆದರುವುದಿಲ್ಲ. ಪಿಯುಸಿ, ಸಿಇಟಿ ದಾಟಿ ಬಂದವರಿಗೆ ಸಮೀಕರಣ ಬಿಡಿಸುವ ಕೈ ಚೆನ್ನಾಗಿಯೇ ಪಳಗಿರತ್ತೆ. ಎಡವುವುದು ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ. ಪ್ರಶ್ನೆ ಏನೆಂದು ಸರಿಯಾಗಿ ಕೇಳಿಸಿಕೊಂಡಿರುವುದಿಲ್ಲ, ಉತ್ತರ ಬಂದ ಮೇಲೆ ಅದರ ಮುಖ ನೋಡಿರುವುದಿಲ್ಲ.

ಕನ್ನಡದಲ್ಲಿ ಹೇಳಿಸುವುದು ಭಾಷಾಭಿಮಾನಕ್ಕೆ ಅಲ್ಲ. ಅದರಿಂದ ಲೆಕ್ಕಕ್ಕೆ ನಿಜವಾಗಿ ಏನು ಲಾಭ ಅಂತ ತೋರಿಸಲು ಸಂಖ್ಯಾಶಾಸ್ತ್ರದ ಒಂದು ಪ್ರಶ್ನೆ ತಗೊಳ್ಳೋಣ.

‘ರಲ್ಲಿ’ ಎಲ್ಲಿದೆ ನೋಡಿ

ಮೊದಲ ಸೆಮಿಸ್ಟರಿನ ಸಂಖ್ಯಾಶಾಸ್ತ್ರದ ಹಾಳೆಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಬರುವ ಪ್ರಶ್ನೆ ಇದು. ಒಂದು ಕಾಯಿಲೆ 100 ಜನರಲ್ಲಿ ಒಬ್ಬರಿಗೆ ಇದೆ. ಅದಕ್ಕೊಂದು ಪರೀಕ್ಷೆ ಇದೆ. ಕಾಯಿಲೆ ಇರುವವರಲ್ಲಿ ಶೇ. 90 ಮಂದಿಗೆ ಪರೀಕ್ಷೆ ಪಾಸಿಟಿವ್ ಬರತ್ತೆ. ಕಾಯಿಲೆ ಇಲ್ಲದವರಲ್ಲಿಯೂ ಶೇ. 5 ಮಂದಿಗೆ ತಪ್ಪಾಗಿ ಪಾಸಿಟಿವ್ ಬರತ್ತೆ. ಒಬ್ಬರಿಗೆ ಪಾಸಿಟಿವ್ ಬಂದಿದೆ. ಅವರಿಗೆ ನಿಜವಾಗಿ ಕಾಯಿಲೆ ಇರುವ ಸಂಭವ ಎಷ್ಟು?

ಥಟ್ಟನೆ ಬರುವ ಉತ್ತರ ಶೇ. 90. ಬೇಯ್ಸ್ ಸೂತ್ರವನ್ನು ಬಾಯಿಪಾಠ ಮಾಡಿದವರು ಕೂಡ ಯಾವ ಸಂಖ್ಯೆ ಎಲ್ಲಿ ಹೋಗಬೇಕು ಎಂಬಲ್ಲಿ ತಡವರಿಸುತ್ತಾರೆ. ಇಂಗ್ಲಿಷಿನಲ್ಲಿ ಆ ವಾಕ್ಯಗಳು ಒಂದರ ಹಾಗೇ ಇನ್ನೊಂದು ಕೇಳಿಸತ್ತೆ. ಕನ್ನಡದಲ್ಲಿ ಹೇಳಿದಾಗ ಹಾಗಾಗುವುದಿಲ್ಲ. ಕೊಟ್ಟದ್ದು: ‘ಕಾಯಿಲೆ ಇರುವವರಲ್ಲಿ ಪಾಸಿಟಿವ್ ಬಂದವರು ಎಷ್ಟು.’ ಕೇಳಿದ್ದು: ‘ಪಾಸಿಟಿವ್ ಬಂದವರಲ್ಲಿ ಕಾಯಿಲೆ ಇರುವವರು ಎಷ್ಟು.’ ಆ ‘ರಲ್ಲಿ’ ಯಾವ ಪದಕ್ಕೆ ಅಂಟಿಕೊಂಡಿದೆಯೋ ಅದೇ ನಿಮ್ಮ ಛೇದ, ಅಂದರೆ ಭಾಗಾಕಾರದ ಗೆರೆಯ ಕೆಳಗೆ ಕೂರುವ ಗುಂಪು. ನಮ್ಮ ಮೇಜಿಗೆ ಬರುವ ಹುಬ್ಬಳ್ಳಿಯ ಗೆಳೆಯ ಒಬ್ಬ ಇದನ್ನು ಇನ್ನೂ ಚುಟುಕಾಗಿ ಹೇಳಿಬಿಟ್ಟ: ‘ಜಡ್ಡು ಇದ್ದೋರಾಗ ಎಷ್ಟು ಮಂದಿ ಅಂತ ಹೇಳ್ಯಾರ, ಪಾಸಿಟಿವ್ ಬಂದೋರಾಗ ಎಷ್ಟು ಮಂದಿ ಅಂತ ಕೇಳ್ಯಾರ. ಎರಡೂ ಬ್ಯಾರೆ ಅದಾವಲ್ರೀ.’ ‘ರಲ್ಲಿ’ ಅನ್ನಿ, ‘ರಾಗ’ ಅನ್ನಿ, ಅದೊಂದು ಪ್ರತ್ಯಯ ಹಿಡಿದರೆ ಅರ್ಧ ಲೆಕ್ಕ ಮುಗಿಯಿತು.

ಉಳಿದರ್ಧಕ್ಕೆ ಸೂತ್ರ ಬೇಡ, ತಲೆ ಎಣಿಸಿದರೆ ಸಾಕು. 10,000 ಜನರಿರುವ ಒಂದು ಊರು ಅಂದುಕೊಳ್ಳಿ. ಕಾಯಿಲೆ ಇರುವವರು 100. ಅವರಲ್ಲಿ 90 ಮಂದಿಗೆ ಪಾಸಿಟಿವ್. ಕಾಯಿಲೆ ಇಲ್ಲದವರು 9,900. ಅವರಲ್ಲಿ ಶೇ. 5, ಅಂದರೆ 495 ಮಂದಿಗೆ ಪಾಸಿಟಿವ್. ಪಾಸಿಟಿವ್ ಬಂದವರು ಒಟ್ಟು 585. ಅವರಲ್ಲಿ ಕಾಯಿಲೆ ಇರುವವರು 90. 90 ÷ 585 ಅಂದರೆ ಶೇ. 15ಕ್ಕಿಂತ ಸ್ವಲ್ಪ ಹೆಚ್ಚು. ಶೇ. 90 ಎಲ್ಲಿ, ಶೇ. 15 ಎಲ್ಲಿ!

ಇಲ್ಲಿಗೆ ನಿಲ್ಲಿಸಬೇಡಿ, ಉತ್ತರದ ಮುಖ ನೋಡಿ. ಇಷ್ಟು ಕಡಿಮೆ ಯಾಕೆ ಬಂತು? ಕಾಯಿಲೆ ಇಲ್ಲದವರ ಗುಂಪು 99 ಪಟ್ಟು ದೊಡ್ಡದು. ದೊಡ್ಡ ಗುಂಪಿನ ಸಣ್ಣ ಪಾಲು ಸಣ್ಣ ಗುಂಪಿನ ದೊಡ್ಡ ಪಾಲನ್ನು ಮುಳುಗಿಸಿಬಿಟ್ಟಿತು. ಹಾಗಾದರೆ ಕಾಯಿಲೆ ಊರಿನ ಅರ್ಧ ಜನಕ್ಕೆ ಇದ್ದಿದ್ದರೆ? 5,000ದಲ್ಲಿ 4,500, ಇನ್ನೊಂದು 5,000ದಲ್ಲಿ 250. ಆಗ ಸಂಭವ ಶೇ. 95ರ ಹತ್ತಿರ. ಅದೇ ಪರೀಕ್ಷೆ, ಬೇರೆ ಊರು, ಬೇರೆ ಉತ್ತರ. ಇಷ್ಟು ಆಡಿದ ಮೇಲೆ ಸೂತ್ರಕ್ಕೆ ಬನ್ನಿ, ಅದು ತಾನಾಗಿಯೇ ಅರ್ಥವಾಗಿರತ್ತೆ. ಥಾಮಸ್ ಬೇಯ್ಸ್ ಬರೆದ ಪ್ರಬಂಧ ಅವನು ತೀರಿಕೊಂಡ ಮೇಲೆ, 1763ರಲ್ಲಿ, ಗೆಳೆಯ ರಿಚರ್ಡ್ ಪ್ರೈಸ್‌ನ ಪ್ರಯತ್ನದಿಂದ ಅಚ್ಚಾಯಿತು. ಅಂದರೆ ಈ ಗೊಂದಲ ನಿಮಗೊಬ್ಬರಿಗೇ ಬಂದದ್ದಲ್ಲ, ಹಳೇದು.

ಇದೇ ಪ್ರಶ್ನೆಯ ‘ಬಿ’ ಭಾಗದಲ್ಲಿ ಸಾಮಾನ್ಯವಾಗಿ ಕೇಳುತ್ತಾರೆ: ಪರೀಕ್ಷೆ ಮತ್ತೊಮ್ಮೆ ಮಾಡಿಸಿದಾಗಲೂ ಪಾಸಿಟಿವ್ ಬಂದರೆ? ಆ 90ರಲ್ಲಿ ಶೇ. 90 ಅಂದರೆ 81. ಆ 495ರಲ್ಲಿ ಶೇ. 5 ಅಂದರೆ ಸುಮಾರು 25. ಈಗ 106ರಲ್ಲಿ 81, ಸುಮಾರು ಶೇ. 76ರಿಂದ 77. ಲೆಕ್ಕ ಇಷ್ಟೇ. ಆದರೆ ಇಲ್ಲೊಂದು ಊಹೆ ಸದ್ದಿಲ್ಲದೆ ಒಳಗೆ ಬಂದಿದೆ: ಎರಡನೇ ಪರೀಕ್ಷೆಗೂ ಮೊದಲನೆಯದಕ್ಕೂ ಸಂಬಂಧವಿಲ್ಲ ಅಂತ. ಯಾರದೋ ದೇಹದಲ್ಲಿ ಬೇರೇನೋ ಕಾರಣದಿಂದ ಮೊದಲ ಸಲ ತಪ್ಪು ಪಾಸಿಟಿವ್ ಬಂದಿದ್ದರೆ, ಅದೇ ಕಾರಣದಿಂದ ಎರಡನೇ ಸಲವೂ ಬರಬಹುದು. ಆ ಊಹೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಗ್ರೇಡ್ ಮಾಡುವವರಿಗೆ ನೀವು ಯೋಚಿಸಿದ್ದೀರಿ ಅಂತ ಗೊತ್ತಾಗತ್ತೆ.

ಮುಂದೆ ಪಿ-ವ್ಯಾಲ್ಯೂ ಬಂದಾಗ ಇದೇ ಬಲೆ ಮತ್ತೆ ಕಾದಿರತ್ತೆ. ‘ನಲ್ ಹೈಪಾಥಿಸಿಸ್ ನಿಜವಿದ್ದಾಗ ಇಂಥ ಅಥವಾ ಇದಕ್ಕಿಂತ ವಿಪರೀತವಾದ ದತ್ತಾಂಶ ಬರುವ ಸಂಭವ’, ಇದು ಪಿ-ವ್ಯಾಲ್ಯೂ. ‘ಇಂಥ ದತ್ತಾಂಶ ಬಂದಾಗ ನಲ್ ಹೈಪಾಥಿಸಿಸ್ ನಿಜವಿರುವ ಸಂಭವ’ ಅಲ್ಲ. ‘ಇದ್ದಾಗ’ ಎಲ್ಲಿದೆ, ‘ಬಂದಾಗ’ ಎಲ್ಲಿದೆ ನೋಡಿ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಈ ವಿಷಯಕ್ಕೇ ಒಂದು ಹೇಳಿಕೆ ಹೊರಡಿಸಬೇಕಾಯಿತು, ಅಂದರೆ ಪ್ರಕಟವಾದ ಸಂಶೋಧನೆಗಳಲ್ಲೂ ಈ ಅದಲುಬದಲು ಅಷ್ಟು ನಡೆಯುತ್ತಿತ್ತು.

ರಾಟೆಯ ಎರಡು ಕೊಡ

ಭೌತಶಾಸ್ತ್ರದ ಮೊದಲ ಕೋರ್ಸಿನಲ್ಲಿ ಒಂದು ರಾಟೆ, ಅದರ ಮೇಲೊಂದು ಹಗ್ಗ, ಹಗ್ಗದ ಎರಡು ತುದಿಯಲ್ಲಿ ಎರಡು ತೂಕ ಬಂದೇ ಬರುತ್ತವೆ. ಪುಸ್ತಕದಲ್ಲಿ ಇದನ್ನು ಅಟ್‌ವುಡ್ ಯಂತ್ರ ಅನ್ನುತ್ತಾರೆ. ಊರ ಬಾವಿಯ ರಾಟೆಯನ್ನು ನೆನೆಸಿಕೊಂಡು, ಹಗ್ಗದ ಎರಡೂ ತುದಿಗೆ ಕೊಡ ಕಟ್ಟಿದ್ದಾರೆ ಅಂದುಕೊಳ್ಳಿ. ಒಂದು ಕೊಡ 3 ಕೆಜಿ, ಇನ್ನೊಂದು 2 ಕೆಜಿ. ರಾಟೆಗೆ ತೂಕವಿಲ್ಲ, ಘರ್ಷಣೆಯಿಲ್ಲ, ಹಗ್ಗ ಹಿಗ್ಗುವುದಿಲ್ಲ. ಕೈ ಬಿಟ್ಟರೆ ಕೊಡಗಳ ವೇಗೋತ್ಕರ್ಷ ಎಷ್ಟು, ಹಗ್ಗದ ಎಳೆತ ಎಷ್ಟು?

ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಅನುಕೂಲ ಇದೆ. ಜವ ಬೇರೆ, ವೇಗ ಬೇರೆ ಅಂತ ಹೈಸ್ಕೂಲಿನಲ್ಲೇ ಮೇಷ್ಟ್ರು ತಲೆಗೆ ಹಾಕಿರುತ್ತಾರೆ. ದಿಕ್ಕು ಸೇರಿದರೆ ವೇಗ. ಆದರೆ ತೂಕದ ವಿಷಯದಲ್ಲಿ ನಮ್ಮ ದಿನಬಳಕೆಯ ಮಾತೇ ಕಾಲಿಗೆ ತೊಡರತ್ತೆ. ಅಂಗಡಿಯಲ್ಲಿ ‘3 ಕೆಜಿ ತೂಕ’ ಅನ್ನುತ್ತೇವೆ, ಭೌತಶಾಸ್ತ್ರಕ್ಕೆ 3 ಕೆಜಿ ದ್ರವ್ಯರಾಶಿ. ತೂಕ ಎಂದರೆ ಭೂಮಿ ಎಳೆಯುವ ಬಲ: 3 × 9.8, ಅಂದರೆ 29.4 ನ್ಯೂಟನ್. ಚಿಕ್ಕ ಕೊಡದ್ದು 19.6 ನ್ಯೂಟನ್.

ಒಂದೊಂದು ಕೊಡವನ್ನೂ ಬೇರೆ ಬೇರೆ ಚಿತ್ರ ಬರೆಯಿರಿ, ಅದರ ಮೇಲೆ ಯಾರ್ಯಾರು ಎಳೆಯುತ್ತಿದ್ದಾರೆ ಅಂತ ಬಾಣ ಹಾಕಿ. ಚಿತ್ರ ಬರೆಯದೆ ನೇರ ಸಮೀಕರಣಕ್ಕೆ ಹಾರುವವರನ್ನು ನಾವು ಮೇಜಿನಲ್ಲಿ ತಡೆದು ನಿಲ್ಲಿಸುತ್ತೇವೆ, ಸ್ವಲ್ಪ ಬೈಸಿಕೊಂಡರೂ ಪರವಾಗಿಲ್ಲ ಅಂತ. ಪ್ರತಿ ಕೊಡದ ಮೇಲೂ ಎರಡೇ ಬಾಣ: ಕೆಳಗೆ ಭೂಮಿ, ಮೇಲೆ ಹಗ್ಗ. ಹಗ್ಗದ ಎಳೆತವನ್ನು ‘ಎ’ ಅನ್ನೋಣ, ವೇಗೋತ್ಕರ್ಷವನ್ನು ‘ವ’ ಅನ್ನೋಣ. ದೊಡ್ಡ ಕೊಡ ಇಳಿಯತ್ತೆ: 29.4 − ಎ = 3 × ವ. ಚಿಕ್ಕದು ಏರತ್ತೆ: ಎ − 19.6 = 2 × ವ. ಎರಡನ್ನೂ ಕೂಡಿದರೆ ‘ಎ’ ಹೋಗಿಬಿಡತ್ತೆ: 9.8 = 5 × ವ. ಹಾಗಾಗಿ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ 1.96 ಮೀಟರ್, ಎಳೆತ 23.52 ನ್ಯೂಟನ್.

ಹಾಳೆಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಅಂದರೆ ಎಳೆತವನ್ನು 29.4 ಅಂತಲೇ ಬರೆದುಬಿಡುವುದು. ‘ಕೊಡ ನೇತಾಡ್ತಾ ಇದೆ, ಅದರ ತೂಕವನ್ನು ಹಗ್ಗ ಹೊತ್ತಿದೆ, ಅಲ್ವಾ?’ ಅಂತ ವಾದ. ಹಗ್ಗ ಅಷ್ಟೂ ತೂಕ ಹೊತ್ತಿದ್ದರೆ ಆ ಕೊಡ ಇಳಿಯುವುದಕ್ಕೆ ಶುರು ಮಾಡುವುದೇ ಇಲ್ಲ. ಅದು ಇಳಿಯುತ್ತಿದೆ ಅಂದ ಮೇಲೆ ಎಳೆತ 29.4ಕ್ಕಿಂತ ಕಡಿಮೆ ಇರಲೇಬೇಕು. ಚಿಕ್ಕದು ಏರುತ್ತಿದೆ ಅಂದ ಮೇಲೆ 19.6ಕ್ಕಿಂತ ಹೆಚ್ಚು ಇರಲೇಬೇಕು. ನಮ್ಮ 23.52 ಎರಡರ ನಡುವೆ ಇದೆ, ಸರಿ. ಈ ಪರೀಕ್ಷೆಗೆ ಕ್ಯಾಲ್ಕ್ಯುಲೇಟರ್ ಬೇಡ, ಅರ್ಧ ನಿಮಿಷ ಸಾಕು.

ಸಂಖ್ಯೆ ಕೊಡದೆ ಬರೀ ಅಕ್ಷರಗಳಲ್ಲಿ ಉತ್ತರ ಕೇಳಿದಾಗ ಇನ್ನೊಂದು ಉಪಾಯ ಇದೆ: ತುದಿಗೆ ಹೋಗಿ ನೋಡುವುದು. ವೇಗೋತ್ಕರ್ಷ = (ದೊಡ್ಡದು − ಚಿಕ್ಕದು) ÷ (ದೊಡ್ಡದು + ಚಿಕ್ಕದು) × 9.8. ಎರಡೂ ಕೊಡ ಸಮ ಇದ್ದರೆ? ಮೇಲಿನದು ಸೊನ್ನೆ, ಕೊಡಗಳು ಅಲ್ಲಾಡುವುದಿಲ್ಲ. ಹಾಗೇ ಆಗಬೇಕು. ಚಿಕ್ಕ ಕೊಡವನ್ನು ಬಿಚ್ಚಿಬಿಟ್ಟರೆ? ಉತ್ತರ 9.8, ದೊಡ್ಡ ಕೊಡ ಹಗ್ಗ ಸಮೇತ ಬಾವಿಗೆ. ಅದೂ ಸರಿ. ಯಾರಾದರೂ ಗಡಿಬಿಡಿಯಲ್ಲಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಬರೆದಿದ್ದರೆ, ಸಮ ತೂಕದ ಕೊಡಗಳು ಅನಂತ ವೇಗೋತ್ಕರ್ಷದಲ್ಲಿ ಹಾರಬೇಕಾಗುತ್ತಿತ್ತು. ತಪ್ಪು ತಾನಾಗಿಯೇ ಕೂಗಿ ಹೇಳತ್ತೆ.

ಅಂದಹಾಗೆ, ಇಂಥ ಯಂತ್ರ ಯಾಕಾದರೂ ಬೇಕಿತ್ತು? ಕೇಂಬ್ರಿಜ್‌ನ ಜಾರ್ಜ್ ಅಟ್‌ವುಡ್ 1784ರಲ್ಲಿ ಇದನ್ನು ತನ್ನ ಪುಸ್ತಕದಲ್ಲಿ ವಿವರಿಸಿದ. ಒಂದು ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ಅರ್ಧ ಸೆಕೆಂಡಿನೊಳಗೆ ನೆಲ ಮುಟ್ಟತ್ತೆ, ಆ ಕಾಲದ ಗಡಿಯಾರದಲ್ಲಿ ಅಳೆಯುವುದು ಕಷ್ಟ. ನಮ್ಮ ಕೊಡಗಳಿಗೆ ಅದೇ ಒಂದು ಮೀಟರಿಗೆ ಸುಮಾರು ಒಂದು ಸೆಕೆಂಡ್ ಬೇಕು. ಎರಡು ತೂಕಗಳನ್ನು ಇನ್ನೂ ಹತ್ತಿರ ತಂದರೆ ಇನ್ನೂ ನಿಧಾನ. ಬೀಳುವಿಕೆಯನ್ನು ನಿಧಾನ ಮಾಡಿ ನೋಡುವ ಸಾಧನ ಅದು. ಇದು ಗೊತ್ತಾದರೆ ಸೂತ್ರದಲ್ಲಿ ಮೇಲೆ ವ್ಯತ್ಯಾಸ, ಕೆಳಗೆ ಮೊತ್ತ ಯಾಕೆ ಇದೆ ಅನ್ನುವುದೂ ಮನಸ್ಸಿಗೆ ಬರತ್ತೆ: ಎಳೆಯುವುದು ವ್ಯತ್ಯಾಸ ಮಾತ್ರ, ಚಲಿಸಬೇಕಾದದ್ದು ಎರಡೂ.

ಮಾನಗಳ ಬಗ್ಗೆ ಒಂದೇ ಮಾತು. ಇಲ್ಲಿ ಪೌಂಡ್, ಅಡಿ, ಮೈಲಿಗಳಲ್ಲಿ ಪ್ರಶ್ನೆ ಬಂದು ನಮ್ಮವರಿಗೆ ಕಿರಿಕಿರಿ ಆಗತ್ತೆ. ಪ್ರತಿ ಸಾಲಿನಲ್ಲೂ ಮಾನ ಬರೆಯಿರಿ, ಕೊನೆಯ ಸಾಲಿನಲ್ಲಿ ಮಾತ್ರ ಅಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರಿನಲ್ಲಿ ಮಂಗಳದ ಹತ್ತಿರ ಕಳೆದುಹೋದದ್ದು ಒಂದು ಕಡೆಯ ಲೆಕ್ಕ ಪೌಂಡಿನಲ್ಲಿ, ಇನ್ನೊಂದು ಕಡೆಯದು ನ್ಯೂಟನ್ನಿನಲ್ಲಿ ಇದ್ದದ್ದರಿಂದ. ನಿಮ್ಮ ಹಾಳೆಯಲ್ಲಿ ಹೋಗುವುದು ಎರಡು ಅಂಕ.

ತೆರಿಗೆ ಯಾರ ಜೇಬಿನಿಂದ?

ಅರ್ಥಶಾಸ್ತ್ರದ ಹಾಳೆಯಲ್ಲಿ ಗಣಿತ ಸುಲಭ, ಅದಕ್ಕೇ ಮೋಸ ಹೋಗುವುದು. ಮೊದಲು ಪದಗಳನ್ನು ಸರಿಮಾಡಿಕೊಳ್ಳಿ. ‘ಬೆಲೆ ಇಳಿದಿದ್ದರಿಂದ ಟೊಮೆಟೊಗೆ ಬೇಡಿಕೆ ಹೆಚ್ಚಾಯಿತು’ ಅಂತ ಪತ್ರಿಕೆಯಲ್ಲಿ ಓದಿ ಬೆಳೆದಿದ್ದೇವೆ. ಹೋಮ್‌ವರ್ಕಿನಲ್ಲಿ ಹಾಗೆ ಬರೆದರೆ ಅಂಕ ಹೋಯಿತು. ಬೆಲೆ ಬದಲಾದಾಗ ಬದಲಾಗುವುದು ಬೇಡಿಕೆಯ ಪ್ರಮಾಣ. ರೇಖೆ ಇದ್ದಲ್ಲೇ ಇರತ್ತೆ, ನೀವು ಅದರ ಮೇಲೆ ಜಾರುತ್ತೀರಿ. ಜನರ ಆದಾಯವೋ ರುಚಿಯೋ ಬದಲಾದಾಗ ಬೇಡಿಕೆಯೇ ಬದಲಾಗತ್ತೆ. ರೇಖೆ ಎದ್ದು ಪಕ್ಕಕ್ಕೆ ಹೋಗತ್ತೆ. ಇಲ್ಲಿ ಕನ್ನಡ ನಮ್ಮನ್ನು ಕಾಪಾಡುವುದಿಲ್ಲ, ‘ಪ್ರಮಾಣ’ ಎಂಬ ಪದವನ್ನು ನಾವೇ ಕಷ್ಟಪಟ್ಟು ಸೇರಿಸಿಕೊಳ್ಳಬೇಕು.

ಈಗ ಪ್ರಶ್ನೆ. ಒಂದು ವಸ್ತುವಿಗೆ ಬೇಡಿಕೆಯ ಪ್ರಮಾಣ = 100 − 2 × ಬೆಲೆ. ಪೂರೈಕೆಯ ಪ್ರಮಾಣ = 3 × ಬೆಲೆ. ಎರಡೂ ಸಮ ಆಗುವುದು ಬೆಲೆ 20 ಡಾಲರ್ ಆದಾಗ, ಪ್ರಮಾಣ 60. ಸರ್ಕಾರ ಪ್ರತಿ ವಸ್ತುವಿಗೆ 5 ಡಾಲರ್ ತೆರಿಗೆಯನ್ನು ಮಾರುವವನ ಮೇಲೆ ಹಾಕತ್ತೆ. ಬೆಲೆ ಎಷ್ಟಾಗತ್ತೆ?

‘25’ ಅಂತ ಬರೆಯುವವರು ಅರ್ಧ ಕ್ಲಾಸು. ಮಾರುವವನು ಪೂರ್ತಿ ನಮ್ಮ ತಲೆಗೆ ಕಟ್ಟುತ್ತಾನೆ ಎಂಬ ಅನುಭವದ ಮಾತು ಅದು. ಲೆಕ್ಕ ಮಾಡಿ ನೋಡೋಣ. ಮಾರುವವನ ಕೈಗೆ ಸಿಗುವುದು ಬೆಲೆ − 5, ಹಾಗಾಗಿ ಪೂರೈಕೆ 3 × (ಬೆಲೆ − 5). ಇದನ್ನು 100 − 2 × ಬೆಲೆಗೆ ಸಮ ಮಾಡಿದರೆ ಬೆಲೆ 23, ಪ್ರಮಾಣ 54. ಕೊಳ್ಳುವವನು 3 ಡಾಲರ್ ಹೆಚ್ಚು ಕೊಟ್ಟ. ಮಾರುವವನಿಗೆ 18 ಸಿಕ್ಕಿತು, ಅವನು 2 ಡಾಲರ್ ಕಳಕೊಂಡ. 25 ಆಗಬೇಕಿದ್ದರೆ ಜನ ಬೆಲೆ ಎಷ್ಟಾದರೂ ಮೊದಲಿನಷ್ಟೇ ಕೊಳ್ಳುವವರಾಗಿರಬೇಕಿತ್ತು.

ಅದೇ ತೆರಿಗೆಯನ್ನು ಕೊಳ್ಳುವವನ ಮೇಲೆ ಹಾಕಿದರೆ? ಈಗ ಅಂಗಡಿಯ ಚೀಟಿಯಲ್ಲಿರುವ ಬೆಲೆಯ ಮೇಲೆ 5 ಸೇರಿಸಿ ಅವನು ಕೊಡಬೇಕು, ಆದ್ದರಿಂದ ಬೇಡಿಕೆ 100 − 2 × (ಬೆಲೆ + 5). ಚೀಟಿಯ ಬೆಲೆ 18 ಬರತ್ತೆ, ತೆರಿಗೆ ಸೇರಿ 23. ಅದೇ 23, ಅದೇ 18, ಅದೇ 54. ತೆರಿಗೆಯ ಚೆಕ್ ಬರೆಯುವವರು ಯಾರು ಅನ್ನುವುದು ಭಾರ ಯಾರ ಮೇಲೆ ಬೀಳತ್ತೆ ಅನ್ನುವುದನ್ನು ನಿರ್ಧರಿಸುವುದಿಲ್ಲ. ಬೆಲೆಗೆ ಕಡಿಮೆ ಬಗ್ಗುವವರ ಮೇಲೆ ಹೆಚ್ಚು ಭಾರ. ನಮ್ಮ ಪ್ರಶ್ನೆಯಲ್ಲಿ ಬೆಲೆ ಒಂದು ಡಾಲರ್ ಬದಲಾದರೆ ಮಾರುವವರು ಪ್ರಮಾಣವನ್ನು 3 ಬದಲಿಸುತ್ತಾರೆ, ಕೊಳ್ಳುವವರು 2 ಮಾತ್ರ. ಅದಕ್ಕೇ ಕೊಳ್ಳುವವರ ಪಾಲು 3, ಮಾರುವವರ ಪಾಲು 2.

ಊರಿಂದ ಬಂದವರು ಇದನ್ನು ಮೊದಲ ವಾರವೇ ಅಂಗಡಿಯಲ್ಲಿ ಕಂಡಿರುತ್ತಾರೆ. ಊರಿನಲ್ಲಿ ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ, ತೆರಿಗೆ ಎಲ್ಲ ಅದರೊಳಗೇ. ಇಲ್ಲಿ ಬಹುತೇಕ ರಾಜ್ಯಗಳಲ್ಲಿ ಶೆಲ್ಫಿನ ಮೇಲೆ ಒಂದು ಬೆಲೆ, ಕೌಂಟರಿನಲ್ಲಿ ಇನ್ನೊಂದು. ‘ತೆರಿಗೆ ನಮ್ಮ ಹತ್ರ ವಸೂಲಿ ಮಾಡ್ತಾರೆ’ ಅನ್ನಿಸತ್ತೆ. ರಸೀದಿಯಲ್ಲಿ ಕಾಣುವ ರೀತಿ ಬೇರೆ, ಭಾರ ಹಂಚಿಕೆಯಾಗುವ ರೀತಿ ಬೇರೆ ಅನ್ನುವುದಕ್ಕೆ ಮೇಲಿನ ಲೆಕ್ಕ ಸಾಕ್ಷಿ. ಕಣ್ಣಿಗೆ ಕಾಣದ ತೆರಿಗೆಯನ್ನು ಕೊಳ್ಳುವವರು ಗಮನಿಸದೆ ಇರಬಹುದು ಅನ್ನುವ ತಕರಾರು ನಮ್ಮ ಮೇಜಿನಲ್ಲೇ ಎದ್ದಿದೆ. ಒಳ್ಳೆಯ ತಕರಾರು, ಈ ಮಾದರಿ ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ.

ಕೊನೆಗೆ ‘ಸಿ’ ಭಾಗ: ತೆರಿಗೆ 10 ಡಾಲರ್ ಮಾಡಿದರೆ? ಬೆಲೆ 26, ಪ್ರಮಾಣ 48. ಸರ್ಕಾರಕ್ಕೆ ಮೊದಲು 5 × 54 = 270 ಬರುತ್ತಿತ್ತು, ಈಗ 480. ಎರಡು ಪಟ್ಟು ಆಗಲಿಲ್ಲ. ಆದರೆ ನಡೆಯದೇ ಹೋದ ವ್ಯಾಪಾರದಿಂದ ಆಗುವ ನಷ್ಟ, ಆ ಪುಟ್ಟ ತ್ರಿಕೋನದ ವಿಸ್ತೀರ್ಣ, ಮೊದಲು ಅರ್ಧ × 5 × 6 = 15, ಈಗ ಅರ್ಧ × 10 × 12 = 60. ನಾಲ್ಕು ಪಟ್ಟು. ಸಂಖ್ಯೆ ಬರೆದು ಬಿಡಬೇಡಿ, ಯಾಕೆ ನಾಲ್ಕು ಅಂತ ಒಂದು ವಾಕ್ಯ ಬರೆಯಿರಿ: ತ್ರಿಕೋನದ ಎತ್ತರವೂ ಪಾದವೂ ಎರಡೂ ದುಪ್ಪಟ್ಟಾದವು.

‘ಮಗಾ, ನಿನ್ನ ಶೀಟ್ ಕಳ್ಸು’

ಇದನ್ನು ಬರೆಯುವುದು ಸ್ವಲ್ಪ ಮುಜುಗರ, ಆದರೂ ಬರೆಯಲೇಬೇಕು. ಗಡುವಿಗೆ ಎರಡು ಗಂಟೆ ಇರುವಾಗ ವಾಟ್ಸಾಪಿನಲ್ಲಿ ಹೀಗೊಂದು ಮೆಸೇಜು ಬರತ್ತೆ. ಇಲ್ಲ ಅಂದರೆ ಗೆಳೆತನ ಏನಾಯಿತು ಅನ್ನಿಸತ್ತೆ. ಕಳಿಸಿದರೆ? ಇಲ್ಲಿಯ ನಿಯಮಗಳಲ್ಲಿ ಸಾಮಾನ್ಯವಾಗಿ ಕೊಟ್ಟವರೂ ತಗೊಂಡವರೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಒಂದೇ ತಪ್ಪು ಚಿಹ್ನೆ ಎರಡು ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಇದ್ದರೆ ಗ್ರೇಡ್ ಮಾಡುವವರಿಗೆ ಕಾಣದೇ ಇರುವುದಿಲ್ಲ. ಅಂಥ ಪ್ರಕರಣ ಸಮಿತಿಯ ಮುಂದೆ ಹೋಗಿ ಸಸ್ಪೆನ್ಷನ್ ಆದರೆ, ಎಫ್-1 ವೀಸಾದ ಮೇಲೆ ಇರುವವರಿಗೆ ಅದು ಬರೀ ಗ್ರೇಡಿನ ಮಾತಲ್ಲ, ಈ ದೇಶದಲ್ಲಿ ಉಳಿಯುವ ಮಾತು. ಅಪ್ಪ ಮನೆ ಅಡವಿಟ್ಟು ಸಾಲ ತೆಗೆದಿರುವ ಹುಡುಗ ಹುಡುಗಿಯರು ನಮ್ಮ ನಡುವೆ ಇದ್ದಾರೆ.

ಹಾಗಂತ ಒಬ್ಬರೇ ಕೂತು ಒದ್ದಾಡಿ ಅಂತ ನಾವು ಹೇಳುತ್ತಿಲ್ಲ. ಬಹಳ ಕೋರ್ಸುಗಳಲ್ಲಿ ಚರ್ಚೆಗೆ ಅನುಮತಿ ಇದೆ, ಬರೆಯುವುದು ಮಾತ್ರ ನಿಮ್ಮದೇ ಆಗಿರಬೇಕು. ಎಷ್ಟು ಅನುಮತಿ ಅಂತ ಸಿಲಬಸ್ಸಿನಲ್ಲಿ ಬರೆದಿರತ್ತೆ, ಕೋರ್ಸಿನಿಂದ ಕೋರ್ಸಿಗೆ ಬೇರೆ, ಓದಿಕೊಳ್ಳಿ. ನಮ್ಮ ಮೇಜಿನ ಪದ್ಧತಿ: ಬಿಳಿ ಹಲಗೆಯ ಮೇಲೆ ಎಲ್ಲರೂ ಸೇರಿ ಬಿಡಿಸುತ್ತೇವೆ, ಆಮೇಲೆ ಹಲಗೆ ಒರೆಸಿಬಿಡುತ್ತೇವೆ. ಯಾರೂ ಫೋಟೋ ತೆಗೆಯುವ ಹಾಗಿಲ್ಲ. ಮನೆಗೆ ಹೋಗಿ ಅವರವರು ಬರೆದುಕೊಳ್ಳಬೇಕು. ಅಲ್ಲಿ ಬರೆಯಲು ಬರಲಿಲ್ಲ ಅಂದರೆ ಅರ್ಥವಾಗಿರಲಿಲ್ಲ ಅಂತ, ಸೋಮವಾರ ಮತ್ತೆ ಕೇಳಿದರಾಯಿತು. ಶೀಟ್ ಕೇಳಿದವರಿಗೆ ‘ಶೀಟ್ ಕೊಡಲ್ಲ, ಈಗಲೇ ಬಾ, ಅರ್ಧ ಗಂಟೆ ಕೂರೋಣ’ ಅನ್ನಿ.

ಚಾಟ್‌ಜಿಪಿಟಿ ಕೂಡ ಇದೇ ಲೆಕ್ಕ. ಕೆಲವು ಕೋರ್ಸುಗಳಲ್ಲಿ ಪೂರ್ತಿ ನಿಷೇಧ, ಕೆಲವಲ್ಲಿ ಬಳಸಿದ್ದನ್ನು ತಿಳಿಸಿದರೆ ಸಾಕು. ಅನುಮತಿ ಇದ್ದಲ್ಲಿ, ನಿಮ್ಮ ಪ್ರಯತ್ನ ಬರೆದ ಮೇಲೆ ‘ನನ್ನ ಮೂರನೇ ಸಾಲು ಯಾಕೆ ತಪ್ಪು’ ಅಂತ ಕೇಳುವುದಕ್ಕೂ, ಪ್ರಶ್ನೆಯನ್ನೇ ಅಂಟಿಸಿ ಉತ್ತರ ಇಳಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಮಿಡ್‌ಟರ್ಮ್ ದಿನ ಫೋನು ಬ್ಯಾಗಿನೊಳಗೆ ಇರತ್ತೆ.

ಇದೆಲ್ಲಕ್ಕಿಂತ ಒಳ್ಳೆಯ ಜಾಗ ಆಫೀಸ್ ಅವರ್ಸ್, ನಮ್ಮವರು ಅತಿ ಕಡಿಮೆ ಹೋಗುವ ಜಾಗವೂ ಅದೇ. ‘ಸರ್ ಏನಂದ್ಕೋತಾರೋ’ ಎಂಬ ಸಂಕೋಚ ಸಮುದ್ರ ದಾಟಿದರೂ ಹೋಗುವುದಿಲ್ಲ. ಖಾಲಿ ಕೈಯಲ್ಲಿ ಹೋಗಬೇಡಿ, ಅರ್ಧ ಮಾಡಿದ ಹಾಳೆ ತಗೊಂಡು ಹೋಗಿ, ‘ಇಲ್ಲಿವರೆಗೆ ಬಂದೆ, ಈ ಹೆಜ್ಜೆ ಯಾಕೆ ಅಂತ ಗೊತ್ತಾಗಲಿಲ್ಲ’ ಅನ್ನಿ. ಗಡುವಿನ ಹಿಂದಿನ ದಿನ ಬಾಗಿಲ ಹೊರಗೆ ಸಾಲು ಇರತ್ತೆ, ಎರಡು ದಿನ ಮುಂಚೆ ಹೋದರೆ ನೀವೊಬ್ಬರೇ.

ಪ್ರಶ್ನೆ ಕೇಳುವುದರಿಂದ ಏನಾಗಬಹುದು ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲೇ ಒಂದು ಕತೆ ಇದೆ. ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ. ಕಲ್ಕತ್ತದಲ್ಲಿ ಯುವ ಅಧ್ಯಾಪಕರಾಗಿ ಪಾಠ ಮಾಡುತ್ತಿದ್ದಾಗ, ದೊಡ್ಡ ಸ್ಯಾಂಪಲ್‌ಗಳಿಗೆ ಮಾತ್ರ ಅನ್ವಯಿಸುವ ಫಿಷರ್‌ನ ಒಂದು ಫಲಿತವನ್ನು ವಿವರಿಸಿದರು. ವಿದ್ಯಾರ್ಥಿಯೊಬ್ಬರು ಕೇಳಿದರು: ಸಣ್ಣ ಸ್ಯಾಂಪಲ್‌ಗೆ ಇಂಥದ್ದು ಯಾಕೆ ಸಾಧಿಸಬಾರದು? ರಾವ್ ಆ ರಾತ್ರಿಯೇ ಕೂತು ಅದನ್ನು ಸಾಧಿಸಿ ಮರುದಿನ ತರಗತಿಗೆ ತಂದರು. 1945ರಲ್ಲಿ ಅದು ಅಚ್ಚಾಯಿತು. ಇಂದು ನಿಮ್ಮ ಪಠ್ಯದಲ್ಲಿ ಕ್ರೇಮರ್–ರಾವ್ ಅಸಮಾನತೆ ಅಂತ ಇದೆ. ಕೇಳಿದ ವಿದ್ಯಾರ್ಥಿ ವಿ.ಎಂ. ದಾಂಡೇಕರ್, ಮುಂದೆ ಭಾರತದ ಬಡತನದ ಬಗ್ಗೆ ದೊಡ್ಡ ಕೆಲಸ ಮಾಡಿದ ಅರ್ಥಶಾಸ್ತ್ರಜ್ಞ. ರಾವ್ ಆಮೇಲೆ ಇಲ್ಲಿಯ ಪೆನ್ ಸ್ಟೇಟ್‌ನಲ್ಲಿ ಪಾಠ ಮಾಡಿದರು, 2023ರ ಆಗಸ್ಟಿನಲ್ಲಿ 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಎಷ್ಟು ಮಾಡಿದರೂ ಒಂದು ಕೋರ್ಸು ಕೈಗೆ ಹತ್ತದೆ ಇರಬಹುದು. ಆಗ ಬೇಜಾರಿನಲ್ಲಿ ಆನ್‌ಲೈನ್‌ನಲ್ಲಿ ‘ಡ್ರಾಪ್’ ಒತ್ತುವ ಮುಂಚೆ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಬನ್ನಿ. ಎಫ್-1 ವಿದ್ಯಾರ್ಥಿಗಳು ಪೂರ್ಣಾವಧಿ ನೋಂದಣಿಯಲ್ಲಿ ಇರಬೇಕು. ಪದವಿ ಹಂತದಲ್ಲಿ ಅದು ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್, ಸ್ನಾತಕೋತ್ತರಕ್ಕೆ ವಿಶ್ವವಿದ್ಯಾಲಯ ನಿಗದಿ ಮಾಡಿದಷ್ಟು. ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಅನುಮತಿ ಮೊದಲು, ಡ್ರಾಪ್ ಆಮೇಲೆ. ಸ್ಕಾಲರ್‌ಶಿಪ್ ಅಥವಾ ಟಿಎ ಕೆಲಸ ಇರುವವರು ಜಿಪಿಎ ಷರತ್ತನ್ನೂ ನೋಡಿಕೊಳ್ಳಿ.

ನಮ್ಮ ಮೇಜು ಈ ಸೆಮಿಸ್ಟರಿನಲ್ಲೂ ಶನಿವಾರ ಬೆಳಿಗ್ಗೆ 10ಕ್ಕೆ. ಇಲ್ಲೇ ಹುಟ್ಟಿ ಬೆಳೆದು ಮನೆಯಲ್ಲಿ ಮಾತ್ರ ಕನ್ನಡ ಆಡುವವರೂ ಬನ್ನಿ, ‘ದ್ರವ್ಯರಾಶಿ’ ಅಂತೆಲ್ಲ ಬರಬೇಕಾಗಿಲ್ಲ, ‘ರಲ್ಲಿ’ ಬಂದರೆ ಸಾಕು. ಹಾಳೆಯ ಮೇಲೆ ಒಂದು ಚಿತ್ರವಾದರೂ ಬರೆದು ತನ್ನಿ. ಥರ್ಮಸ್ಸಿನಲ್ಲಿ ಫಿಲ್ಟರ್ ಕಾಫಿ ಇರತ್ತೆ, ಲೋಟ ನೀವೇ ತರಬೇಕು.